ಭಾರತದಿಂದ ಜರ್ಮನಿಗೆ ಕ್ರಿಕೆಟ್ ಕಿಟ್ ತರಿಸುವಾಗ ಕಸ್ಟಮ್ಸ್ ಎಷ್ಟು, ಸಾಗಣೆ ಎಷ್ಟು?

ರೈನ್ ದಂಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೀಸನ್ ಶುರುವಾಗುವುದರೊಳಗೆ ಮೀರತ್‌ನ ಅಂಗಡಿಯೊಂದರಿಂದ ಕಿಟ್ ತರಿಸಬೇಕಾಗಿದೆ. ಕೊಟೇಶನ್ ಹೀಗಿದೆ:

ಇಂಗ್ಲಿಷ್ ವಿಲ್ಲೊ ಬ್ಯಾಟ್ 22,000 ರೂ., ಪ್ಯಾಡ್ 5,000 ರೂ., ಬ್ಯಾಟಿಂಗ್ ಗ್ಲೌಸ್ 4,000 ರೂ., ಸ್ಪೈಕ್ ಶೂ 6,000 ರೂ. ಒಟ್ಟು 37,000. ಅಂಚೆಯಲ್ಲಿ ಕಳಿಸಿದರೆ ಸಾಗಣೆ 7,400 ರೂ. ಎಂದಿದ್ದಾರೆ. ಕೊರಿಯರ್ ಆದರೆ ಅದರ ಮೂರು ಪಟ್ಟು ಹೇಳುತ್ತಿದ್ದಾರೆ, ಡಬ್ಬದ ಅಳತೆ 100 × 40 × 30 ಸೆಂ.ಮೀ. ಅಂತೆ. ಜೊತೆಗೆ, "ಗಿಫ್ಟ್ ಅಂತ ಬರೆದು ಬೆಲೆ 2,000 ಹಾಕಿ ಕಳಿಸುತ್ತೇವೆ, ಕಸ್ಟಮ್ಸ್ ಬೀಳಲ್ಲ" ಎಂಬ ಭರವಸೆ ಬೇರೆ.

ಮೂರು ಪ್ರಶ್ನೆ. ನಿಜಕ್ಕೂ ಎಷ್ಟು ಸುಂಕ ಬೀಳುತ್ತದೆ? 150 ಯೂರೊ ಒಳಗೆ ಇರುವಂತೆ ಒಡೆದು ಒಡೆದು ತರಿಸಿದರೆ ಉಳಿತಾಯ ಉಂಟೇ? ಗಿಫ್ಟ್ ದಾರಿ ಸರಿಯೇ?

ಥರ್ಡ್‌ಮ್ಯಾನ್

ಮೊದಲು ಸುಂಕ ಬೇರೆ, ವ್ಯಾಟ್ ಬೇರೆ ಎಂದು ಇಟ್ಟುಕೊಳ್ಳಿ. ಎರಡನ್ನೂ ಸೇರಿಸಿ "ಕಸ್ಟಮ್ಸ್" ಅನ್ನುವುದರಿಂದಲೇ ಲೆಕ್ಕ ತಪ್ಪುವುದು.

ವ್ಯಾಟ್: 2021ರ ಜುಲೈ 1ರಿಂದ ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವ ಎಲ್ಲ ಖರೀದಿಗೂ ಆಮದು ವ್ಯಾಟ್ ಇದೆ. ಅದಕ್ಕೂ ಮುಂಚೆ ಇದ್ದ 22 ಯೂರೊ ವಿನಾಯಿತಿ ಹೋಯಿತು. ಜರ್ಮನಿಯಲ್ಲಿ ಇದು 19%.

ಸುಂಕ: ಸಾಮಾನಿನ ಬೆಲೆ 150 ಯೂರೊವರೆಗೆ ಇದ್ದರೆ 2026ರ ಜೂನ್‌ವರೆಗೆ ಇಲ್ಲ (ಜುಲೈನ ಬದಲಾವಣೆ ಕೆಳಗೆ ಇದೆ). ಅದಕ್ಕಿಂತ ಮೇಲಾದರೆ ಪ್ರತಿ ಸಾಮಾನಿನ ಟಾರಿಫ್ (ಸುಂಕದ ಪಟ್ಟಿ) ಸಂಖ್ಯೆಯಂತೆ. ಇಲ್ಲೇ ಕ್ರಿಕೆಟ್‌ನವರಿಗೆ ಗೊತ್ತಿರಲೇಬೇಕಾದ ಒಂದು ಸಂಗತಿ ಇದೆ. ಒಕ್ಕೂಟದ ಟಾರಿಫ್‌ನಲ್ಲಿ ಕ್ರಿಕೆಟ್ ಮತ್ತು ಪೋಲೊ ಸಾಮಗ್ರಿಗೆ ಬೇರೆಯೇ ಸಾಲು ಇದೆ: 9506 99 10. ಚೆಂಡಿಗೆ 9506 69 10. ಎರಡಕ್ಕೂ ಸುಂಕ ಸೊನ್ನೆ. ಪಕ್ಕದ ಸಾಲು 9506 99 90, ಅಂದರೆ "ಇತರೆ", ಅದಕ್ಕೆ 2.7%. ಬ್ಯಾಡ್ಮಿಂಟನ್ ರ‍್ಯಾಕೆಟ್ಟಿಗೂ ಟೇಬಲ್ ಟೆನಿಸ್ ಸಾಮಾನಿಗೂ 2.7%, ಟೆನಿಸ್ ರ‍್ಯಾಕೆಟ್ಟಿಗೆ 4.7%. ಬ್ಯಾಟು, ಪ್ಯಾಡು, ಸ್ಟಂಪು, ಚೆಂಡು ಇಷ್ಟಕ್ಕೆ ಮಾತ್ರ ಏನೂ ಇಲ್ಲ.

ಆದರೆ ಕಿಟ್‌ನಲ್ಲಿರುವುದೆಲ್ಲ "ಕ್ರಿಕೆಟ್ ಸಾಮಗ್ರಿ" ಅಲ್ಲ. ಕೈಗವಸು, ಬೂಟು, ಹೆಲ್ಮೆಟ್, ಚೀಲ ಇವು ಟಾರಿಫ್‌ನ 95ನೇ ಅಧ್ಯಾಯಕ್ಕೆ, ಅಂದರೆ ಆಟದ ಸಾಮಾನಿನ ಭಾಗಕ್ಕೆ, ಸೇರುವುದೇ ಇಲ್ಲ:

ಅಂಗೈ ಚರ್ಮದ್ದಾದ ಗ್ಲೌಸ್: 4203 21 00, 9%
ಬಟ್ಟೆ ಮೇಲ್ಭಾಗದ ಕ್ರೀಡಾ ಶೂ 6404 11 00, ರಬ್ಬರ್-ಪ್ಲಾಸ್ಟಿಕ್ ಮೇಲ್ಭಾಗದ್ದು 6402 19 00: ಎರಡಕ್ಕೂ 16.9%
ಚರ್ಮದ ಮೇಲ್ಭಾಗದ ಕ್ರೀಡಾ ಶೂ: 6403 19 00, 8%
ಹೆಲ್ಮೆಟ್: 6506 10, 2.7%
ಬಟ್ಟೆಯ ಕಿಟ್ ಬ್ಯಾಗ್: 2.7%, ಹೊರಮೈ ಪ್ಲಾಸ್ಟಿಕ್ ಹಾಳೆಯದ್ದಾದರೆ 9.7%

ಈಗ ನಿಮ್ಮ ಕೊಟೇಶನ್ ಹಾಕಿ ನೋಡೋಣ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಯೂರೊಗೆ 100 ರೂ. ಹಿಡಿದಿದ್ದೇನೆ. ನಿಜದಲ್ಲಿ ತ್ಸೋಲ್‌ನವರು (ಜರ್ಮನಿಯ ಕಸ್ಟಮ್ಸ್) ಆ ತಿಂಗಳಿಗೆ ಪ್ರಕಟಿಸಿದ ದರ ಹಿಡಿಯುತ್ತಾರೆ.

ಸಾಮಾನು 370 ಯೂರೊ, ಸಾಗಣೆ 74. ಸಾಗಣೆಯನ್ನು ಎಲ್ಲ ಸಾಮಾನಿಗೂ ಹಂಚಬೇಕು. ಇಲ್ಲಿ ಬೆಲೆಯ 20% ಆಯಿತು. ಬ್ಯಾಟ್ 264, ಪ್ಯಾಡ್ 60, ಗ್ಲೌಸ್ 48, ಶೂ 72, ಒಟ್ಟು 444.

ಸುಂಕ: ಬ್ಯಾಟ್ 0, ಪ್ಯಾಡ್ 0, ಗ್ಲೌಸ್ 4.32, ಶೂ 12.17 (ಚರ್ಮದ ಮೇಲ್ಭಾಗದ್ದಲ್ಲ ಎಂದು ಹಿಡಿದು, 16.9%). ಕೂಡಿಸಿದರೆ 16.49.
ವ್ಯಾಟ್: 444 + 16.49 = 460.49, ಅದರ 19% ಅಂದರೆ 87.49.
ಒಟ್ಟು 103.98 ಯೂರೊ. ಅಂಚೆಯಲ್ಲಿ ಬಂದರೆ ನಿಮ್ಮ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ಡಿಎಚ್‌ಎಲ್ (ಇಲ್ಲಿ ಅಂಚೆ ಪಾರ್ಸೆಲ್ ಮುಟ್ಟಿಸುವುದು ಅದೇ) ಆರೇಳು ಯೂರೊ ಸೇವಾ ಶುಲ್ಕ ಸೇರಿಸುತ್ತದೆ.

ನೂರನಾಲ್ಕರಲ್ಲಿ ಸುಂಕ ಎಂಬುದು ಹದಿನಾರೂವರೆ, ಅದೂ ಪೂರ್ತಿ ಗ್ಲೌಸ್ ಮತ್ತು ಶೂವಿನದ್ದು. 22,000 ರೂಪಾಯಿಯ ಬ್ಯಾಟಿಗೆ ಒಂದು ಸೆಂಟೂ ಸುಂಕವಿಲ್ಲ. ವ್ಯಾಟ್ ಎಂಬುದು ಸಾಮಾನಿನ ಮೇಲೆ ಮಾತ್ರವಲ್ಲ, ಸಾಗಣೆಯ ಮೇಲೂ ಬೀಳುತ್ತದೆ. ಆದ್ದರಿಂದ ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಸುಂಕದ ಬಗ್ಗೆ ಅಲ್ಲ, ಆ 100 × 40 × 30 ಡಬ್ಬದ ಬಗ್ಗೆ.

ರೈನ್ ದಂಡೆ

ಬಹಳ ಉಪಕಾರವಾಯಿತು ಸರ್. ಹಾಗಾದರೆ ಬ್ಯಾಟನ್ನು ಬೇರೆ, ಉಳಿದದ್ದನ್ನು ಬೇರೆ ತರಿಸಿದರೆ?

ಥರ್ಡ್‌ಮ್ಯಾನ್

ಬ್ಯಾಟಿನ ಮಟ್ಟಿಗೆ ಒಡೆದರೂ ಒಡೆಯದಿದ್ದರೂ ಸುಂಕ ಸೊನ್ನೆಯೇ. ಗ್ಲೌಸ್-ಶೂ ಮಾತ್ರ ಬೇರೆ ಅಂಗಡಿಯಿಂದ ಬೇರೆ ಆರ್ಡರ್ ಮಾಡಿದರೆ 100 ಯೂರೊ ಆಗುತ್ತದೆ, 150ರ ಒಳಗೆ, 2026ರ ಜೂನ್‌ವರೆಗೆ ಸುಂಕ ಹೋಗುತ್ತದೆ. ವ್ಯಾಟ್ ಉಳಿಯುತ್ತದೆ. 150ರ ಮಿತಿಗೆ ಸಾಗಣೆಯನ್ನು ಸೇರಿಸುವುದಿಲ್ಲ. ಆದರೆ ಇನ್ವಾಯ್ಸ್‌ನಲ್ಲಿ ಸಾಗಣೆಯನ್ನು ಬೇರೆ ಸಾಲಿನಲ್ಲಿ ತೋರಿಸಿರಬೇಕು. "ಫ್ರೀ ಶಿಪ್ಪಿಂಗ್" ಎಂದು ಬೆಲೆಯಲ್ಲೇ ಸೇರಿಸಿಬಿಟ್ಟರೆ ಇಡೀ ಮೊತ್ತವೇ ಸಾಮಾನಿನ ಬೆಲೆ.

ಒಂದೇ ಆರ್ಡರನ್ನು ಒಂದೇ ದಿನ ಒಂದೇ ಅಂಗಡಿಯಿಂದ ಮೂರು ಪಾರ್ಸೆಲ್ ಮಾಡಿ ಕಳಿಸಿದರೆ ತ್ಸೋಲ್‌ನವರು ಒಟ್ಟಿಗೆ ಸೇರಿಸಿ ನೋಡಬಹುದು. ಅದೂ ಅಲ್ಲದೆ ಪ್ರತಿ ಪಾರ್ಸೆಲ್‌ಗೂ ಸೇವಾ ಶುಲ್ಕ ಬೇರೆ ಬೇರೆ. ಹದಿನಾರು ಯೂರೊ ಉಳಿಸಲು ಹೋಗಿ ಹದಿನಾಲ್ಕು ಕೊಟ್ಟಂತೆ.

ಗಿಫ್ಟ್ ವಿಷಯ. ಉಡುಗೊರೆ ಎಂದರೆ ವ್ಯಕ್ತಿಯಿಂದ ವ್ಯಕ್ತಿಗೆ, ಹಣ ಪಡೆಯದೆ, ಅಪರೂಪಕ್ಕೆ ಕಳಿಸಿದ್ದು. ಮಿತಿ 45 ಯೂರೊ. ಅಂಗಡಿ ಕಳಿಸಿದ್ದು ಉಡುಗೊರೆ ಆಗುವುದೇ ಇಲ್ಲ. ಬೆಲೆ 2,000 ಎಂದು ಬರೆದ ಇಂಗ್ಲಿಷ್ ವಿಲ್ಲೊ ಬ್ಯಾಟು ಕಸ್ಟಮ್ಸ್ ಅಧಿಕಾರಿಯ ಕೈಗೆ ಸಿಕ್ಕರೆ ಹಣ ಪಾವತಿಯ ದಾಖಲೆ ಕೇಳುತ್ತಾರೆ, ಬ್ಯಾಂಕಿನ ಸಾಲಿನಲ್ಲಿ 37,000 ಇರುತ್ತದೆ. ಅಲ್ಲಿಂದ ಮುಂದೆ ಅದು ತೆರಿಗೆ ತಪ್ಪಿಸಿದ ಪ್ರಕರಣ, ಹೊಣೆ ಅಂಗಡಿಯದ್ದಲ್ಲ, ಆಮದು ಮಾಡಿಕೊಂಡವರದ್ದು. ದಾರಿಯಲ್ಲಿ ಬ್ಯಾಟು ಮುರಿದರೆ ಅಥವಾ ಕಳೆದುಹೋದರೆ ಪರಿಹಾರ ಸಿಗುವುದೂ ಆ 2,000ಕ್ಕೇ. ಸೊನ್ನೆ ಸುಂಕದ ಸಾಮಾನಿಗೆ ಸುಳ್ಳು ಬರೆಸುವುದು ಯಾವ ಲೆಕ್ಕದಲ್ಲೂ ಸರಿಬರುವುದಿಲ್ಲ. ದಯವಿಟ್ಟು ಬೇಡ ಎಂದು ಅಂಗಡಿಯವರಿಗೆ ಬರವಣಿಗೆಯಲ್ಲೇ ಹೇಳಿಬಿಡಿ.

ಪಡುಬಿದ್ರಿ ಪೇಸ್

ಡಬ್ಬದ ಮಾತು ನಾನು ಹೇಳ್ತೇನೆ ಮಾರಾಯ್ರೆ, ಹಣ ಸೋರುವುದು ಅಲ್ಲಿಯೇ.

ಕೊರಿಯರಿನವರು ತಕ್ಕಡಿಯ ತೂಕ ಮಾತ್ರ ನೋಡುವುದಿಲ್ಲ. ಉದ್ದ × ಅಗಲ × ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ. ನಿಜ ತೂಕ, ಈ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ನಿಮ್ಮ ಡಬ್ಬ 100 × 40 × 30 ಅಂದರೆ 1,20,000; 5,000ದಿಂದ ಭಾಗಿಸಿದರೆ 24 ಕಿಲೋ. ಒಳಗಿರುವುದು ಎಷ್ಟು? ಬ್ಯಾಟು 1.2, ಪ್ಯಾಡು ಎರಡರ ಹತ್ತಿರ, ಗ್ಲೌಸ್ ಅರ್ಧ ಕಿಲೋ ಇಲ್ಲ, ಶೂ ಮುಕ್ಕಾಲು ಕಿಲೋ. ಡಬ್ಬದ ತೂಕವೂ ಸೇರಿ ಐದು ಹಿಡಿಯಿರಿ. ಹತ್ತೊಂಬತ್ತು ಕಿಲೋ ಗಾಳಿಗೆ ಬಾಡಿಗೆ ಕೊಟ್ಟ ಹಾಗೆ.

ಬ್ಯಾಟಿಗೆ ಬೇಕಾದದ್ದು ಉದ್ದದ ಸಪೂರ ಡಬ್ಬ. ನಿಯಮದ ಪ್ರಕಾರ ಬ್ಯಾಟಿನ ಅಗಲ 10.8 ಸೆಂ.ಮೀ., ದಪ್ಪ 6.7 ಸೆಂ.ಮೀ. ಮೀರುವ ಹಾಗಿಲ್ಲ. ಶಾರ್ಟ್ ಹ್ಯಾಂಡಲ್ ಬ್ಯಾಟಿನ ಉದ್ದ 85–86. ಹಾಗಾಗಿ 90 × 13 × 9 ಸಾಕು. ಲೆಕ್ಕ ಹಾಕಿ: 10,530, ಅಂದರೆ 2.1 ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಮೇಲಕ್ಕೆ ಹಿಡಿದರೆ 2.5. ಅದೇ ಬ್ಯಾಟನ್ನು 100 × 25 × 20 ಡಬ್ಬಕ್ಕೆ ಹಾಕಿ ಕಾಗದ ತುಂಬಿಸಿದರೆ 10 ಕಿಲೋ! ಬ್ಯಾಟು ಅದೇ, ಬಿಲ್ಲು ನಾಲ್ಕು ಪಟ್ಟು.

ಪ್ಯಾಡನ್ನು ಪಕ್ಕಪಕ್ಕ ಇಡಬೇಡಿ. ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ಕೂರಿಸಿ, ಅದರದ್ದೇ ಪಟ್ಟಿಯಿಂದ ಬಿಗಿದು, ಒಳಗಿನ ಟೊಳ್ಳಿನಲ್ಲಿ ಗ್ಲೌಸ್ ತೂರಿಸಿ. 66 × 26 × 20ಕ್ಕೆ ಕೂರುತ್ತದೆ: 6.9 ಕಿಲೋ. ಬ್ಯಾಟಿನ ಪಾರ್ಸೆಲ್ ಸೇರಿಸಿದರೂ 24ರ ಜಾಗದಲ್ಲಿ ಒಂಬತ್ತು, ಒಂಬತ್ತೂವರೆ.

ಎರಡು ಬ್ಯಾಟಾದರೆ ಒಂದರ ಹಿಡಿ ಇನ್ನೊಂದರ ಬುಡದ ಕಡೆಗೆ ಬರುವ ಹಾಗೆ ತಲೆಕೆಳಗು ಮಾಡಿ ಜೋಡಿಸಿ. 92 × 14 × 14 ಡಬ್ಬ, 3.6 ಕಿಲೋ. ತಲಾ 1.8.

ಬ್ಯಾಟು ಪೆಟ್ಟಾಗುವುದು ಟೋನಲ್ಲಿ, ಅಂದರೆ ತುದಿಯಲ್ಲಿ. ಡಬ್ಬ ನೇರ ನಿಂತು ಬಿದ್ದರೆ ಇಡೀ ಭಾರ ಅಲ್ಲಿಗೇ. ಟೋ ಕೆಳಗೆ ಗಟ್ಟಿ ಫೋಮ್ 3 ಸೆಂ.ಮೀ. ಇಡಲು ಹೇಳಿ, ಗುಳ್ಳೆ ಪ್ಲಾಸ್ಟಿಕ್ ಮಾತ್ರ ಆದರೆ ಮೊದಲ ಪೆಟ್ಟಿಗೇ ಒಡೆದು ಹೋಗುತ್ತದೆ. ಹಿಡಿಯ ತುದಿಗೂ ಒಂದು ತುಂಡು. ಮಧ್ಯದಲ್ಲಿ ಬಿಗಿ ಇದ್ದರೆ ಸಾಕು, ದಪ್ಪ ಬೇಡ.

ಅಂಚೆಪೆಟ್ಟಿಗೆ

ಭಾರತದ ಕಡೆಯಿಂದ ಆಗುವ ತಪ್ಪುಗಳನ್ನು ಸೇರಿಸುತ್ತೇನೆ. ಅಂಗಡಿಯವರು ಕಳಿಸದೆ ಊರಿನಿಂದ ಮನೆಯವರು ಕಳಿಸುವುದಾದರೂ ಇದು ಉಪಯೋಗಕ್ಕೆ ಬರುತ್ತದೆ.

ಸಣ್ಣ ಪ್ಯಾಕೆಟ್ ದರದಲ್ಲಿ ಬ್ಯಾಟ್ ಹೋಗುವುದಿಲ್ಲ. ಅಂತರರಾಷ್ಟ್ರೀಯ ಅಂಚೆಯಲ್ಲಿ ಆ ವರ್ಗದ ಪ್ಯಾಕೆಟ್ಟಿಗೆ ಉದ್ದ, ಅಗಲ, ಎತ್ತರ ಮೂರೂ ಕೂಡಿ 90 ಸೆಂ.ಮೀ., ಯಾವ ಬದಿಯೂ 60 ಮೀರಬಾರದು. ಕೊಳವೆ ಮಾಡಿ ಸುತ್ತಿದರೆ ಉದ್ದ 90ರವರೆಗೆ ಬಿಡುತ್ತಾರೆ, ಆದರೆ ಉದ್ದಕ್ಕೆ ವ್ಯಾಸದ ಎರಡರಷ್ಟು ಕೂಡಿಸಿದರೆ 104 ದಾಟಬಾರದು. ಬ್ಯಾಟಿನ ಅಗಲವೇ 10.8 ಇರುವಾಗ 89ಕ್ಕೆ 22 ಸೇರಿ 111 ಆಗುತ್ತದೆ. ಹಾಗಾಗಿ ಬ್ಯಾಟಿಗೆ ಪಾರ್ಸೆಲ್ ಅಥವಾ ಇಎಮ್‌ಎಸ್ ಸ್ಪೀಡ್ ಪೋಸ್ಟ್ ಮಾತ್ರ. ಗ್ರಿಪ್, ಚೆಂಡು, ಗ್ಲೌಸ್ ಇವಕ್ಕೆ ಸಣ್ಣ ಪ್ಯಾಕೆಟ್ ಧಾರಾಳವಾಗಿ ಸಾಕು, ಅದೇ ಅಗ್ಗ.

ಘೋಷಣೆಯಲ್ಲಿ "ಸ್ಪೋರ್ಟ್ಸ್ ಐಟಮ್" ಎಂದು ಬರೆದ ಪಾರ್ಸೆಲ್ ಎಲ್ಲೋ ಒಂದು ಕಡೆ ನಿಲ್ಲುತ್ತದೆ. 2021ರ ಮಾರ್ಚ್‌ನಿಂದ ಯುರೋಪಿಗೆ ಬರುವ ಅಂಚೆ ಮತ್ತು ಎಕ್ಸ್‌ಪ್ರೆಸ್ ಸಾಮಾನಿನ ವಿವರ ವಿಮಾನ ಏರುವ ಮೊದಲೇ ವಿದ್ಯುನ್ಮಾನವಾಗಿ ತಲುಪಿರಬೇಕು. ಈಗ ಆರು ಅಂಕಿಯ ಎಚ್‌ಎಸ್ ಸಂಖ್ಯೆಯನ್ನೂ (ಟಾರಿಫ್ ಸಂಖ್ಯೆಯ ಮೊದಲ ಆರು ಅಂಕಿ) ಕೇಳುತ್ತಾರೆ. ಬ್ಯಾಟಿಗೆ, ಪ್ಯಾಡಿಗೆ 9506 99. ಚೆಂಡಿಗೆ 9506 69. ಚರ್ಮದ ಗ್ಲೌಸಿಗೆ 4203 21. ಈ ಆರು ಅಂಕಿಯ ಮುಂದಿನ ಎರಡನ್ನು ಜರ್ಮನಿಯಲ್ಲಿ ಸೇರಿಸುತ್ತಾರೆ. ಆ ಎರಡು ಅಂಕಿ 10 ಆಗಬೇಕೇ 90 ಆಗಬೇಕೇ ಎಂದು ಅವರಿಗೆ ತಿಳಿಯುವುದು ವಿವರಣೆಯಿಂದಲೇ. "ಕ್ರಿಕೆಟ್" ಎಂಬ ಪದ ಅಲ್ಲಿ ಇರಲೇಬೇಕು.

ಸಿಎನ್ 23 ಫಾರಂನಲ್ಲಿ (ಪಾರ್ಸೆಲ್ಲಿನ ಕಸ್ಟಮ್ಸ್ ಘೋಷಣೆ) ಪಡೆಯುವವರ ಮೊಬೈಲ್ ಸಂಖ್ಯೆ, ಇಮೇಲ್ ಬಿಡಬೇಡಿ. ಕಳಿಸುವವರ ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ. ಇನ್ವಾಯ್ಸ್ ಮೂರು ಪ್ರತಿ, ಡಬ್ಬದ ಹೊರಗೆ ಪಾರದರ್ಶಕ ಚೀಲದಲ್ಲಿ, ಒಳಗೆ ಇನ್ನೊಂದು. ಹೊರಗೆ ಇಲ್ಲದಿದ್ದರೆ ಡಿಎಚ್‌ಎಲ್ ಘೋಷಣೆ ಸಲ್ಲಿಸಲಾರದು. ಪಾರ್ಸೆಲ್ ನಿಮ್ಮ ಊರಿನ ತ್ಸೋಲಾಮ್ಟ್‌ಗೆ (ಕಸ್ಟಮ್ಸ್ ಕಚೇರಿ) ಹೋಗಿ, ನಿಮಗೊಂದು ಕಾಗದ ಬರುತ್ತದೆ.

ಥರ್ಡ್‌ಮ್ಯಾನ್

ಆ ಕಾಗದ ಬಂದರೆ ಗಾಬರಿ ಬೇಡ, ಆದರೆ ಅದರಲ್ಲಿ ಬರೆದ ಗಡುವಿನೊಳಗೆ ಹೋಗಿ. ಮೀರಿದರೆ ಪಾರ್ಸೆಲ್ ಭಾರತಕ್ಕೆ ವಾಪಸ್. ಕೊಂಡೊಯ್ಯಬೇಕಾದ್ದು: ಕಾಗದ, ಪಾಸ್‌ಪೋರ್ಟ್ ಅಥವಾ ವಾಸದ ಗುರುತು, ಇನ್ವಾಯ್ಸ್, ಹಣ ಕಟ್ಟಿದ ಪುರಾವೆ (ಬ್ಯಾಂಕ್ ಅಥವಾ ಕಾರ್ಡ್ ಸ್ಟೇಟ್‌ಮೆಂಟ್‌ನ ಆ ಸಾಲು). ಡಬ್ಬವನ್ನು ಅವರ ಮುಂದೆಯೇ ಬಿಚ್ಚಬೇಕಾಗುತ್ತದೆ, ಚಾಕು ಅವರೇ ಕೊಡುತ್ತಾರೆ. ಅಲ್ಲಿ ಕಟ್ಟಿದರೆ ಡಿಎಚ್‌ಎಲ್ ಸೇವಾ ಶುಲ್ಕ ಇಲ್ಲ. ದೂರ ಇರುವವರು ತ್ಸೋಲ್ ಜಾಲತಾಣದಲ್ಲಿ ಅಂಚೆ ಮತ್ತು ಕೊರಿಯರ್ ಸಾಮಾನಿಗೆಂದೇ ಇರುವ ಆನ್‌ಲೈನ್ ಘೋಷಣೆ ಮಾಡಬಹುದು.

ಇನ್ನು ತೆರಿಗೆ ಆದೇಶದ ಪ್ರತಿಯನ್ನು ಬಿಸಾಡದೆ ಓದಿ. ಪ್ರತಿ ಸಾಮಾನಿನ ಎದುರು ಟಾರಿಫ್ ಸಂಖ್ಯೆ ಅಚ್ಚಾಗಿರುತ್ತದೆ. ಬ್ಯಾಟಿನ ಎದುರು 9506 99 90 ಎಂದಿದ್ದರೆ ತಪ್ಪು. 220 ಯೂರೊ ಬ್ಯಾಟು, 50 ಯೂರೊ ಸಾಗಣೆ ಎಂದುಕೊಳ್ಳಿ. 270ರ ಮೇಲೆ 2.7% ಅಂದರೆ 7.29, ಅದರ ಮೇಲಿನ ವ್ಯಾಟ್ ಸೇರಿ 8.68 ಯೂರೊ ಹೆಚ್ಚು ಕೊಟ್ಟಿರುತ್ತೀರಿ. ಒಬ್ಬರಿಗೆ ಸಣ್ಣ ಮೊತ್ತ, ಕ್ಲಬ್ಬಿಗೆ ನಾಲ್ಕು ಬ್ಯಾಟು ತರಿಸಿದಾಗ ಸಣ್ಣದಲ್ಲ. ಆದೇಶ ಬಂದ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು, ಶುಲ್ಕವಿಲ್ಲ. ಬ್ಯಾಟಿನ ಫೋಟೊ, ಇನ್ವಾಯ್ಸ್, ಸರಿಯಾದ ಸಂಖ್ಯೆ ಬರೆದ ನಾಲ್ಕು ಸಾಲಿನ ಪತ್ರ ಸಾಕು. ಆದೇಶದ ಮೇಲೆ ಯಾವ ಮುಖ್ಯ ಕಸ್ಟಮ್ಸ್ ಕಚೇರಿಯ ಹೆಸರಿದೆಯೋ ಅಲ್ಲಿಗೆ ಕಳಿಸಿ. ಡಿಎಚ್‌ಎಲ್‌ಗೆ ಬರೆದು ಕಾಯುತ್ತಾ ಕೂತರೆ ತಿಂಗಳು ಕಳೆದುಹೋಗುತ್ತದೆ.

ಧಾರವಾಡ ಪೇಢಾ

ಒಂದು ಮಾತು ಸೇರಸ್ತೀನ್ರಿ. ಭಾರತದ್ದ ಆಗಬೇಕಂತಿಲ್ಲ, ಇಂಗ್ಲೆಂಡಿನ ಅಂಗಡಿಗಳಿಂದ ತರಸೋರೂ ಭಾಳ ಮಂದಿ ಅದಾರ. ಅಲ್ಲಿ ಎರಡು ಕಡೆ ಕಾಲು ಜಾರತೈತಿ.

ಒಂದು, 2021ರ ಜನವರಿ 1ರಿಂದ ಬ್ರಿಟನ್ನೂ ಹೊರಗಿನ ದೇಶನ. ಅಲ್ಲಿಂದ ಬಂದರೂ 19% ಕಟ್ಟಬೇಕು. ಹಂಗಾಗಿ ಅಂಗಡಿಯವರು ತಮ್ಮ 20% ವ್ಯಾಟ್ ಕಳೆದು ಬಿಲ್ ಮಾಡಬೇಕು. ಜಾಲತಾಣದಾಗ ತೋರಸೋದು ಸಾಮಾನ್ಯವಾಗಿ ವ್ಯಾಟ್ ಸೇರಿದ ಬೆಲೆ. 240 ಪೌಂಡ್ ಅಂತ ಇದ್ದರ ರಫ್ತಿಗೆ 200 ಆಗಬೇಕು. ವಿಳಾಸ ಜರ್ಮನಿ ಅಂತ ಹಾಕಿದ ಮ್ಯಾಲೂ ಬೆಲೆ ಇಳೀಲಿಲ್ಲ ಅಂದ್ರ ಹಣ ಕಟ್ಟೋ ಮೊದಲ ಇಮೇಲ್ ಮಾಡಿ ಕೇಳ್ರಿ. ಇಲ್ಲಂದ್ರ ಎರಡೂ ದೇಶಕ್ಕ ತೆರಿಗೆ ಕೊಟ್ಟಂಗ.

ಎರಡು, "ಬ್ರಿಟನ್ ಜೋಡಿ ಒಪ್ಪಂದ ಐತಿ, ಸುಂಕ ಇಲ್ಲ" ಅಂತಾರ. ಅದು ಬ್ರಿಟನ್ನಿನಾಗ ತಯಾರಾದ ಸಾಮಾನಿಗೆ, ಅದೂ ಮಾರೋವರು ಮೂಲದೇಶದ ಹೇಳಿಕೆ ಇನ್ವಾಯ್ಸ್ ಮ್ಯಾಲೆ ಬರದು ಕೊಟ್ಟಿದ್ದರ ಮಾತ್ರ. ಲಂಡನ್ ಅಂಗಡಿಯಾಗ ಕೊಂಡ ವಿಯೆಟ್ನಾಂ ತಯಾರಿ ಬಟ್ಟಿ ಮೇಲ್ಭಾಗದ ಶೂ ಇತ್ತಂದ್ರ, ಆರ್ಡರ್ 150 ಯೂರೊ ದಾಟಿದ್ದರ 16.9% ಬೀಳೋದ. ಬ್ಯಾಟಿಗೆ ಈ ಚಿಂತಿ ಇಲ್ಲ, ಎಲ್ಲೇ ತಯಾರಾಗಿರಲಿ ಸೊನ್ನಿ.

ಶೂ ಬಗ್ಗೆ ನನ್ನ ಸಲಹೆ ಕೇಳಿದರ, ತರಸಬ್ಯಾಡ್ರಿ. ಅಳತಿ ತಪ್ಪಿದರ ವಾಪಸ್ ಕಳಸೋ ಖರ್ಚು ಶೂವಿನಷ್ಟ ಆಗತೈತಿ. ಮ್ಯಾಟಿಂಗ್ ಮ್ಯಾಲೆ ಆಡೋದಾದರ ಮೊಳೆ ಇರೋ ಸ್ಪೈಕ್ ಬೇಕಾಗೂದಿಲ್ಲ, ಹಾಕಿಯವರು ಹಾಕೋ ರಬ್ಬರ್ ಗುಬುಟಿನ ಟರ್ಫ್ ಶೂ ಜರ್ಮನಿಯಾಗ ಎಲ್ಲಾ ಕಡೆ ಸಿಗತಾವ.

ಸಿಲ್ಲಿಪಾಯಿಂಟ್

ಊರಿಗೆ ಹೋದವರ ಕೈಯಲ್ಲಿ ತರಿಸುವ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಬಹುಪಾಲು ಬ್ಯಾಟುಗಳು ಬರುವುದು ಹಾಗೇ ತಾನೇ.

ವಿಮಾನದಲ್ಲಿ ಬರುವ ಪ್ರಯಾಣಿಕರಿಗೆ ಮಿತಿ 430 ಯೂರೊ, ಹದಿನೈದು ವರ್ಷದೊಳಗಿನ ಮಕ್ಕಳಿಗೆ 175. ಇದು ತಲಾ ಒಬ್ಬರಿಗೆ, ಮತ್ತು ಆ ವ್ಯಕ್ತಿ ತಂದ ಎಲ್ಲ ಸಾಮಾನು ಸೇರಿ. ರೇಷ್ಮೆ ಸೀರೆ, ಬೆಳ್ಳಿ ಲೋಟ, ಬ್ಯಾಟು ಎಲ್ಲ ಅದರೊಳಗೇ. ಒಂದು ವಸ್ತುವಿನ ಬೆಲೆಯನ್ನು ಗಂಡ-ಹೆಂಡತಿ ಹಂಚಿಕೊಳ್ಳುವ ಹಾಗಿಲ್ಲ. 450 ಯೂರೊ ಬ್ಯಾಟಿಗೆ ತೆರಿಗೆ ಬೀಳುವುದು 20ರ ಮೇಲಲ್ಲ, ಪೂರ್ತಿ 450ರ ಮೇಲೆ. ಮಿತಿ ಮೀರಿದ್ದರೆ ಕೆಂಪು ದಾರಿಗೆ ಹೋಗಿ ಹೇಳಬೇಕು. 700 ಯೂರೊವರೆಗಿನ ಸಾಮಾನಿಗೆ ಒಟ್ಟಾರೆ 17.5% ಎಂಬ ಸರಳ ದರ ಇದೆ. ಹಸಿರು ದಾರಿಯಲ್ಲಿ ಹೋಗಿ ಸಿಕ್ಕಿಬಿದ್ದರೆ ತೆರಿಗೆಯ ಜೊತೆಗೆ ದಂಡವೂ ಬೀಳುತ್ತದೆ. ಬಿಲ್ ಫೋನಿನಲ್ಲಿ ಇರಲಿ. ಬಿಲ್ ಇಲ್ಲದಿದ್ದರೆ ಅವರೇ ಅಂದಾಜು ಮಾಡುತ್ತಾರೆ.

ಬ್ಯಾಟು ಕ್ಯಾಬಿನ್‌ಗೆ ಬಿಡುವುದಿಲ್ಲ, ಚೆಕ್-ಇನ್ ಮಾತ್ರ. ಸೂಟ್‌ಕೇಸಿಗೆ ಹಿಡಿಸುತ್ತದೆಯೇ ಎಂದು ಮೊದಲು ಅಳೆಯಿರಿ. ದೊಡ್ಡ ಸೂಟ್‌ಕೇಸಿನ ಒಳಗಿನ ಅಳತೆ 72 × 48 ಇದ್ದರೆ ಮೂಲೆಯಿಂದ ಮೂಲೆಗೆ 86.5 ಸೆಂ.ಮೀ. ಆದರೆ ಮೂಲೆಗಳು ದುಂಡಗಿರುತ್ತವೆ, ಎಳೆಯುವ ಹಿಡಿಕೆಯ ಕಂಬಿಗಳು ತಳದಲ್ಲಿ ಉಬ್ಬಿರುತ್ತವೆ. 85ರ ಬ್ಯಾಟು ಕೂರಬಹುದು, 86ರದ್ದು ಮುಚ್ಚಳ ಹಾಕುವಾಗ ಹಟ ಮಾಡುತ್ತದೆ. ಮುಚ್ಚಳ ಒತ್ತಿ ಕೂರಿಸಿದರೆ ಪೆಟ್ಟು ತಿನ್ನುವುದು ಟೋ. ಊರಿನವರಿಗೆ ಟೇಪು ಹಿಡಿದು ಕರ್ಣದ ಅಳತೆ ತೆಗೆಯಲು ಹೇಳಿ, ಆಮೇಲೆ ಬ್ಯಾಟು ಕೊಳ್ಳಿಸಿ.

ಮೈಸೂರು ಮೇಡನ್

ಬ್ಯಾಟಿನ ಜೊತೆ ಲಿನ್‌ಸೀಡ್ ಎಣ್ಣೆ ಕಳಿಸಲು ಹೇಳುವವರಿದ್ದಾರೆ. ಬೇಡ. ಎಣ್ಣೆ ಬಾಟಲಿಗಾಗಿ ಇಡೀ ಪಾರ್ಸೆಲ್ ತಡೆ ಹಿಡಿಯುತ್ತಾರೆ, ಸೋರಿದರೆ ಪ್ಯಾಡೂ ಹಾಳು. ಜರ್ಮನಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಲೈನ್ಯೋಲ್ ಎಂದು ಕೇಳಿದರೆ ಸಿಗುತ್ತದೆ, ಅದೇ ಅಗಸೆ ಎಣ್ಣೆ. ಕುದಿಸದ, ಒಣಗುವ ರಾಸಾಯನಿಕ ಸೇರಿಸದ ಕಚ್ಚಾ ಎಣ್ಣೆ ನೋಡಿ ತೆಗೆದುಕೊಳ್ಳಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಚಳಿಗಾಲದಲ್ಲಿ ತರಿಸಿದ ಬ್ಯಾಟನ್ನು ಹೀಟರ್ ಪಕ್ಕ ಒರಗಿಸಿಡುವುದೂ ತಪ್ಪು. ಇಲ್ಲಿನ ಮನೆಗಳ ಒಣ ಗಾಳಿಗೆ ವಿಲ್ಲೊ ತೇವ ಕಳೆದುಕೊಂಡು ಟೋನಿಂದ ಮೇಲಕ್ಕೆ ಕೂದಲೆಳೆಯ ಬಿರುಕು ಬಿಡುತ್ತದೆ. ಬಿಸಿ ಹಾಕದ ಕೋಣೆಯಲ್ಲಿ ಮಲಗಿಸಿಡಿ.

ಹೆಲ್ಮೆಟ್ ತರಿಸುವವರು ಲೇಬಲ್ ನೋಡಿ. ಬಿಎಸ್ 7928:2013 ಎಂಬುದು ಕ್ರಿಕೆಟ್ ಹೆಲ್ಮೆಟ್ಟಿನ ಮಾನದಂಡ, ಜಾಲರಿಯ ನಡುವೆ ಚೆಂಡು ತೂರದಂತೆ ಪರೀಕ್ಷಿಸಿದ್ದು. ಅದರ ಜೊತೆಗೆ ಸಿಇ ಗುರುತೂ ಬೇಕು. ಗುರುತಿಲ್ಲದ ರಕ್ಷಣಾ ಸಾಮಗ್ರಿಯನ್ನು ಕಸ್ಟಮ್ಸ್‌ನವರು ತಡೆದು ಮಾರುಕಟ್ಟೆ ನಿಗಾ ಕಚೇರಿಗೆ ಕಳಿಸಬಹುದು.

ಥರ್ಡ್‌ಮ್ಯಾನ್

ಲೇಬಲ್ ಮಾತು ಬಂತಲ್ಲ, ಸ್ಟಿಕ್ಕರ್ ಬಗ್ಗೆಯೂ ಹೇಳಬೇಕು. ಯಾವುದೋ ಕಾರ್ಖಾನೆಯ ಬ್ಯಾಟಿಗೆ ದೊಡ್ಡ ಬ್ರ್ಯಾಂಡಿನ ಸ್ಟಿಕ್ಕರ್ ಅಂಟಿಸಿ ಅಗ್ಗಕ್ಕೆ ಕೊಡುತ್ತೇವೆ ಎನ್ನುವವರಿದ್ದಾರೆ. ಒಂದೇ ಒಂದು ಬ್ಯಾಟಾದರೂ ಅಂಚೆಯಲ್ಲಿ ಬಂದರೆ ತಡೆಯಲು ಕಾನೂನಿದೆ. ಮೂರು ವಸ್ತುವರೆಗಿನ ಅಥವಾ ಎರಡು ಕಿಲೋ ಒಳಗಿನ ಸಣ್ಣ ಪಾರ್ಸೆಲ್‌ಗೆ ಸರಳ ಕ್ರಮ: ನಿಮಗೆ ನೋಟಿಸು, ಹತ್ತು ಕೆಲಸದ ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಬ್ಯಾಟು ನಾಶ. ಹಣ ಹೋಯಿತು, ಬ್ಯಾಟೂ ಹೋಯಿತು. ಸ್ಟಿಕ್ಕರ್ ಇಲ್ಲದ ಬ್ಯಾಟು ಕೊಡಿ ಎಂದು ಕೇಳಿ; ಮೀರತ್, ಜಲಂಧರ್‌ನಲ್ಲಿ ಖಾಲಿ ಬ್ಯಾಟು ಕೊಡುತ್ತಾರೆ, ಮರ ಅದೇ ಇರುತ್ತದೆ.

ಲಿಫಿ ಲೆಗ್‌ಬೈ

ಡಬ್ಲಿನ್ ಕಡೆಯವರಿಗೆ: ಸುಂಕದ ದರ ಒಕ್ಕೂಟದ 27 ದೇಶಕ್ಕೂ ಒಂದೇ. ವ್ಯಾಟ್ ಮಾತ್ರ ಬೇರೆ. ಐರ್ಲೆಂಡ್ 23%, ನೆದರ್ಲ್ಯಾಂಡ್ಸ್ 21%. ಥರ್ಡ್‌ಮ್ಯಾನ್ ಅವರ ಲೆಕ್ಕದಲ್ಲಿ ಆ ಒಂದು ಅಂಕಿ ಬದಲಿಸಿಕೊಳ್ಳಿ.

ಅಮೆರಿಕದವರು ಈ ಪುಟದ ಅಂಕಿ ಬಳಸಬೇಡಿ. ಅಲ್ಲಿದ್ದ 800 ಡಾಲರ್ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ, ಲೆಕ್ಕವೇ ಬೇರೆ.

ರೈನ್ ದಂಡೆ

ಗ್ರಿಪ್ಪು, ಚೆಂಡು ತರಿಸುವ ಸಣ್ಣ ಆರ್ಡರ್‌ಗಳ ಕಥೆ ಏನು? ಕೆಲವು ಜಾಲತಾಣಗಳು ಆರ್ಡರ್ ಮಾಡುವಾಗಲೇ ವ್ಯಾಟ್ ಹಿಡಿಯುತ್ತವೆ.

ಥರ್ಡ್‌ಮ್ಯಾನ್

ಅದು ಐಒಎಸ್‌ಎಸ್ ವ್ಯವಸ್ಥೆ. 150 ಯೂರೊವರೆಗಿನ ಆರ್ಡರಿಗೆ ಮಾರುವವರೇ 19% ಪಡೆದು ಕಟ್ಟುತ್ತಾರೆ, ಬಾಗಿಲಲ್ಲಿ ಏನೂ ಕೊಡಬೇಕಿಲ್ಲ, ಸೇವಾ ಶುಲ್ಕವೂ ಇಲ್ಲ. ಕೆಡುವುದು ಎಲ್ಲಿ ಎಂದರೆ, ಮಾರುವವರು ತಮ್ಮ ಐಒಎಸ್‌ಎಸ್ ಸಂಖ್ಯೆಯನ್ನು ಅಂಚೆಯ ವಿದ್ಯುನ್ಮಾನ ದಾಖಲೆಗೆ ಸೇರಿಸಲು ಮರೆತರೆ ಇಲ್ಲಿ ಮತ್ತೆ 19% ಕೇಳುತ್ತಾರೆ. ಡಬ್ಬದ ಮೇಲೆ ಕೈಯಲ್ಲಿ ಬರೆದರೆ ಉಪಯೋಗವಿಲ್ಲ. ಆಗ ಇಲ್ಲಿ ಕಟ್ಟಿ ಬಿಡಿಸಿಕೊಂಡು, ರಸೀದಿ ಕಳಿಸಿ ಮೊದಲು ಕೊಟ್ಟ ವ್ಯಾಟನ್ನು ಮಾರುವವರಿಂದಲೇ ವಾಪಸ್ ಪಡೆಯಬೇಕು.

ಸಣ್ಣ ಆರ್ಡರಿನವರು ಇನ್ನೊಂದು ಬದಲಾವಣೆ ಗಮನಿಸಿ. 150 ಯೂರೊ ಒಳಗಿನ ಪಾರ್ಸೆಲ್‌ಗಳ ಮೇಲೆ 2026ರ ಜುಲೈ 1ರಿಂದ ಪ್ರತಿ ಬಗೆಯ ಸಾಮಾನಿಗೆ 3 ಯೂರೊ ನಿಗದಿತ ಸುಂಕ ಹಾಕಲು ಒಕ್ಕೂಟದ ಹಣಕಾಸು ಸಚಿವರು 2025ರ ಡಿಸೆಂಬರ್‌ನಲ್ಲಿ ಒಪ್ಪಿದ್ದಾರೆ. ಬಗೆ ಎಂದರೆ ಟಾರಿಫ್ ಸಂಖ್ಯೆ. ಒಂದೇ ಬಗೆಯ ಆರು ಚೆಂಡಿಗೆ 3, ಚೆಂಡು ಮತ್ತು ಗ್ಲೌಸ್ ಎರಡೂ ಇದ್ದರೆ 6. 200 ರೂಪಾಯಿಯ ಗ್ರಿಪ್ಪನ್ನು ಒಂದೊಂದಾಗಿ ತರಿಸುವುದು ಲಾಭವಲ್ಲ, ಕ್ಲಬ್ಬಿನವರು ಒಟ್ಟಿಗೆ ತರಿಸಿ.

ಒಟ್ಟಿಗೆ ತರಿಸುವಾಗಲೂ ಒಂದು ಪಾರ್ಸೆಲ್ 1,000 ಯೂರೊ ದಾಟದಿರಲಿ. ಅದರ ಮೇಲೆ ಹೋದರೆ ಅಂಚೆಯ ಸರಳ ಘೋಷಣೆ ನಡೆಯುವುದಿಲ್ಲ, ಪೂರ್ಣ ಆಮದು ಘೋಷಣೆ ಬೇಕು, ಅದನ್ನು ಮಾಡಿಕೊಡುವವರು ಹಣ ಕೇಳುತ್ತಾರೆ. ನಾಲ್ಕು ಒಳ್ಳೆಯ ಬ್ಯಾಟಿಗೆ ಒಂದು ಪಾರ್ಸೆಲ್ ಎಂದು ಇಟ್ಟುಕೊಳ್ಳಿ. ಕೊರಿಯರ್ ಕಂಪನಿಗಳ ಮುಂಗಡ ಶುಲ್ಕ ಅಂಚೆಯದ್ದಕ್ಕಿಂತ ಹೆಚ್ಚು, ಕನಿಷ್ಠ ಹತ್ತರಿಂದ ಇಪ್ಪತ್ತು ಯೂರೊ ಎಂದು ಲೆಕ್ಕಕ್ಕೆ ಹಿಡಿಯಿರಿ.

ಪಡುಬಿದ್ರಿ ಪೇಸ್

ಬ್ಯಾಟು ಮುರಿದು ಬಂದರೆ ಕಟ್ಟಿದ ವ್ಯಾಟ್ ಹೋಯಿತಾ ಸರ್? ಅದನ್ನೂ ಹೇಳಿಬಿಡಿ.

ಥರ್ಡ್‌ಮ್ಯಾನ್

ಹೋಗುವುದಿಲ್ಲ, ಆದರೆ ಕ್ರಮ ತಪ್ಪಬಾರದು. ಡಬ್ಬ ಬಿಚ್ಚುವಾಗಲೇ ವಿಡಿಯೊ ಮಾಡಿ, ಮೊದಲ ಚೌಕಟ್ಟಿನಲ್ಲಿ ಟ್ರ್ಯಾಕಿಂಗ್ ಚೀಟಿ ಕಾಣಲಿ. ಹೊರಗಿನಿಂದಲೇ ಹಾನಿ ಕಂಡರೆ ಪಡೆಯುವಾಗಲೇ ಬರೆಸಿ. ಒಳಗೆ ಕಂಡರೆ ಏಳು ದಿನದೊಳಗೆ ಲಿಖಿತ ದೂರು. ಮುರಿದದ್ದನ್ನು ಎಸೆಯಬೇಡಿ, ವಾಪಸ್ ಕಳಿಸುವ ಮೊದಲು ಕಸ್ಟಮ್ಸ್ ಕಚೇರಿಗೆ ತಿಳಿಸಿ. ದೋಷವಿರುವ ಸಾಮಾನನ್ನು ಹೊರದೇಶಕ್ಕೆ ಕಳಿಸಿದರೆ ಅಥವಾ ಅವರ ಒಪ್ಪಿಗೆಯಲ್ಲಿ ನಾಶ ಮಾಡಿದರೆ ಒಂದು ವರ್ಷದೊಳಗೆ ಮರುಪಾವತಿಗೆ ಅರ್ಜಿ ಹಾಕಬಹುದು. ಆನ್‌ಲೈನ್ ಖರೀದಿ ಇಷ್ಟವಾಗದೆ ಹಿಂದಿರುಗಿಸುವುದಾದರೆ 90 ದಿನದೊಳಗೆ ಮೂಲ ಘೋಷಣೆಯನ್ನೇ ರದ್ದು ಮಾಡಿಸಲು ಕೇಳಬೇಕು. ಎರಡಕ್ಕೂ ಹಿಂದಿರುಗಿಸಿದ ಅಂಚೆ ರಸೀದಿ ಬೇಕೇ ಬೇಕು.

ಅಂಗಡಿಯವರು ಬದಲಿ ಬ್ಯಾಟು ಉಚಿತವಾಗಿ ಕಳಿಸಿದರೂ ಅದು ಹೊಸ ಆಮದೇ. ಅದರ ಇನ್ವಾಯ್ಸ್ ಮೇಲೆ ಸೊನ್ನೆ ಬರೆಸಬೇಡಿ. ನಿಜ ಬೆಲೆ, "ವಾರಂಟಿ ಬದಲಿ, ಹಣ ಪಡೆದಿಲ್ಲ" ಎಂಬ ಸಾಲು, ಹಳೆಯ ಇನ್ವಾಯ್ಸ್ ಸಂಖ್ಯೆ ಮೂರೂ ಇರಲಿ.

ರೈನ್ ದಂಡೆ

ಎಲ್ಲರಿಗೂ ವಂದನೆ. ಶೂ ಕೈಬಿಟ್ಟೆ. ಬ್ಯಾಟಿಗೆ 90 × 13 × 9, ಪ್ಯಾಡ್-ಗ್ಲೌಸಿಗೆ 66 × 26 × 20 ಎಂದು ಅಂಗಡಿಗೆ ಬರೆಯುತ್ತೇನೆ. ಇನ್ವಾಯ್ಸ್ ಮೇಲೆ ಏನೇನು ಬರೆಯಲು ಹೇಳಲಿ?

ಅಂಚೆಪೆಟ್ಟಿಗೆ

ಹೀಗೆ ಬರೆಸಿ, ಇಂಗ್ಲಿಷಿನಲ್ಲಿ, ಟೈಪ್ ಮಾಡಿ:

ಕ್ರಿಕೆಟ್ ಬ್ಯಾಟ್, ವಿಲ್ಲೊ ಮರ, 1 ನಗ, ಎಚ್‌ಎಸ್ 9506 99, ಮೂಲ ಭಾರತ, ರೂ. 22,000
ಕ್ರಿಕೆಟ್ ಲೆಗ್ ಗಾರ್ಡ್, 1 ಜೋಡಿ, ಎಚ್‌ಎಸ್ 9506 99, ಮೂಲ ಭಾರತ, ರೂ. 5,000
ಕ್ರಿಕೆಟ್ ಬ್ಯಾಟಿಂಗ್ ಗ್ಲೌಸ್, ಚರ್ಮ, 1 ಜೋಡಿ, ಎಚ್‌ಎಸ್ 4203 21, ಮೂಲ ಭಾರತ, ರೂ. 4,000
ಸಾಗಣೆ: ಬೇರೆ ಸಾಲಿನಲ್ಲಿ, ನಿಜವಾಗಿ ಕಟ್ಟಿದ ಮೊತ್ತ

ಎರಡು ಡಬ್ಬ ಆದರೆ "1/2", "2/2" ಎಂದು ಎರಡರ ಮೇಲೂ ಬರೆಯಲಿ, ಪ್ರತಿ ಡಬ್ಬಕ್ಕೂ ಪೂರ್ತಿ ಇನ್ವಾಯ್ಸಿನ ಪ್ರತಿ ಇರಲಿ. "ಲೆಗ್ ಗಾರ್ಡ್" ಎಂದೇ ಹೇಳಿ. ಬರೀ "ಪ್ಯಾಡ್" ಎಂದರೆ ಏನೆಂದು ಕಸ್ಟಮ್ಸ್‌ನವರಿಗೆ ಗೊತ್ತಾಗುವುದಿಲ್ಲ.